ಕೀಮೋ ನಡೆಯುವಾಗ ಅಮ್ಮನಿಗೆ ಹೊಳೆಮತ್ತಿ ಕಷಾಯ ಕೊಡಬಹುದಾ?

ಅಮ್ಮನಿಗೆ ಸ್ತನ ಕ್ಯಾನ್ಸರ್, ಕೆಂಪು ಕೀಮೋ ಎರಡು ಸಲ ಆಗಿದೆ, ಹೃದಯ ಗಟ್ಟಿಯಾಗಿರಲಿ ಅಂತ ಹೊಳೆಮತ್ತಿ (ಅರ್ಜುನ ಮರ) ಚಕ್ಕೆ ಕುದಿಸಿ ಕೊಡಲಾ ಎಂದು ಕೇಳಿದ್ದೀರಿ. ಈಗ ಬೇಡ.

ನಾನು ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೀಮೋ ಔಷಧಿ ಅಳೆದು ತುಂಬುವ ಕೆಲಸದಲ್ಲಿದ್ದೇನೆ. ನೀವು ಹೇಳುವ ಕೆಂಪು ಔಷಧಿ ಡಾಕ್ಸೋರುಬಿಸಿನ್. ಸಿರಿಂಜಿಗೆ ಎಳೆದಾಗ ಥೇಟ್ ದಾಸವಾಳದ ಶರಬತ್ತಿನ ಹಾಗೆ ಕಾಣುತ್ತದೆ. ಒಂದೆರಡು ದಿನ ಮೂತ್ರವೂ ಕೆಂಪಗಾಗುತ್ತದೆ, ಅದಕ್ಕೆ ಹೆದರಬೇಡಿ. ಹೃದಯದ ಭಯ ಮಾತ್ರ ಸುಮ್ನೆ ಹುಟ್ಟಿದ್ದಲ್ಲ, ಈ ಔಷಧಿ ಹೃದಯಕ್ಕೆ ಹಾನಿ ಮಾಡಬಹುದು. ಇದರಲ್ಲಿ ಮುಖ್ಯವಾದದ್ದು ಒಟ್ಟು ಡೋಸ್. ಸ್ತನ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೈಯ ಅಳತೆಯ ಪ್ರತಿ ಚದರ ಮೀಟರಿಗೆ 60 ಮಿಲಿಗ್ರಾಂನಂತೆ ನಾಲ್ಕು ಸಲ, ಅಂದರೆ ಒಟ್ಟು 240. ಮೂರು ಪ್ರಯೋಗಗಳ ಲೆಕ್ಕ ಸೇರಿಸಿ 2003ರಲ್ಲಿ ನೋಡಿದಾಗ, ಒಟ್ಟು 400 ತಲುಪಿದವರಲ್ಲಿ ನೂರಕ್ಕೆ ಸುಮಾರು 5 ಜನರಿಗೆ ಹೃದಯ ಸೋತಿತ್ತು. 550ಕ್ಕೆ ಅದು 26. ಅದಕ್ಕೇ ನಾವು ಪ್ರತಿ ಸಲವೂ ಹಿಂದಿನ ಡೋಸ್ ಕೂಡಿಸಿ ಫೈಲಿನಲ್ಲಿ ಬರೆಯುತ್ತೇವೆ.

ಹೊಳೆಮತ್ತಿ ಸಾರ ಕೊಟ್ಟ ಇಲಿಗಳಲ್ಲಿ ಈ ಔಷಧಿಯಿಂದ ಹೃದಯಕ್ಕೆ ಆಗುವ ಹಾನಿ ಕಡಿಮೆಯಾಗಿದ್ದು ನಿಜ. ಅರಿಶಿನ, ದ್ರಾಕ್ಷಿ ಬೀಜದ ಸಾರಕ್ಕೂ ಅಂಥದ್ದೇ ಫಲಿತಾಂಶಗಳಿವೆ. ಆದರೆ ಇಂಥ ಎಷ್ಟೋ ಪ್ರಯೋಗಗಳಲ್ಲಿ ಇಲಿಗೆ ಕ್ಯಾನ್ಸರೇ ಇರುವುದಿಲ್ಲ. ಹೃದಯ ಉಳಿಯಿತು ಅನ್ನೋದು ಗೊತ್ತಾಗುತ್ತದೆ. ಗಡ್ಡೆಯೂ ಅದೇ ಸಾರದ ನೆರಳಲ್ಲಿ ಉಳಿದುಬಿಡುತ್ತದಾ ಅಂತ ನೋಡೋಕೆ ಅಲ್ಲಿ ಗಡ್ಡೆ ಎಲ್ಲಿದೆ? ಇನ್ನೊಂದು ಮಾತು. ಪಶ್ಚಿಮದ ದೇಶಗಳಲ್ಲಿ ಮನಸ್ಸಿನ ಬೇಸರಕ್ಕೆ ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡ, ಇರಿನೋಟಿಕಾನ್ ಅನ್ನೋ ಬೇರೆ ಕೀಮೋ ಔಷಧಿಯ ಕೆಲಸ ಮಾಡುವ ಅಂಶವನ್ನು ರಕ್ತದಲ್ಲಿ 42% ಇಳಿಸಿತ್ತು. ಅಷ್ಟು ಕಷ್ಟಪಟ್ಟು ಕೀಮೋ ತಗೊಂಡು ಅದು ಅರ್ಧವೇ ಕೆಲಸ ಮಾಡಿದರೆ ಹೇಗೆ ಅಲ್ವಾ?

ಒಮ್ಮೆ ಒಬ್ಬರು ಅಜ್ಜಿ ಸ್ಟೀಲ್ ಫ್ಲಾಸ್ಕಿನಲ್ಲಿ ಚಕ್ಕೆ ಹಾಲು ತಂದು, ಡಾಕ್ಟರ್ ಬೈತಾರೆ ಅಂತ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. ಡಾಕ್ಟರ್ ಬೈಯಲಿಲ್ಲ. ಯಾವಾಗಿನಿಂದ, ಎಷ್ಟು ಅಂತ ಕೇಳಿ ಬರೆದುಕೊಂಡರು. ಅವರಿಗೆ ಬೇಕಾಗಿದ್ದು ಅಷ್ಟೇ.

ನೀವು ಎಕೋ (ಹೃದಯದ ಸ್ಕ್ಯಾನ್) ವರದಿ ಕೇಳಿ ನೋಡಿ, ಹೃದಯ ಪಂಪ್ ಮಾಡುವ ಶೇಕಡಾವಾರು ಅದರಲ್ಲಿರುತ್ತದೆ. ಅಪಾಯ ಜಾಸ್ತಿ ಅಂತ ಡಾಕ್ಟರಿಗೆ ಅನ್ನಿಸಿದರೆ ಹೃದಯ ಕಾಪಾಡಲು ಕೊಡುವ ಡೆಕ್ಸ್‌ರಾಜೋಕ್ಸೇನ್ ಅನ್ನೋ ಔಷಧಿ ಇದೆ. ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಇದ್ದು ಇದೇ ಬಗೆಯ ಕೀಮೋ ಪಡೆದ 300 ಜನರ ಪ್ರಯೋಗದಲ್ಲಿ ಅಟೋರ್ವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆ ತಗೊಂಡವರಲ್ಲಿ 9% ಜನರಿಗೆ, ತಗೊಳ್ಳದವರಲ್ಲಿ 22% ಜನರಿಗೆ ಪಂಪಿಂಗ್ ಗಣನೀಯವಾಗಿ ಕುಸಿದಿತ್ತು. ಆದರೆ ಅದನ್ನೂ ನೀವೇ ಶುರು ಮಾಡಬೇಡಿ. ಮಲಗಿದಾಗ ಉಸಿರು ಕಟ್ಟಿದರೆ, ಪಾದ ಊದಿಕೊಂಡರೆ ಮುಂದಿನ ಕೀಮೋ ತನಕ ಕಾಯದೆ ಅವತ್ತೇ ಕರೆದುಕೊಂಡು ಹೋಗಿ. ಹೋಗುವಾಗ ಆ ಚಕ್ಕೆಯ ಪೊಟ್ಟಣವನ್ನೂ ಚೀಲದಲ್ಲಿ ಇಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಿ.