ಕಾಲೇಜಿನ ಫುಟ್‌ಬಾಲ್ ಕೋಚ್ ಆಗಬೇಕು, ಯಾವ ದಾರಿ?

ಪ್ರಶ್ನೆ: ಸರ್, ನಾನು ಕಸಬಾ ಬೆಂಗರೆಯವನು. ಮಂಗಳೂರಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಮೂರು ವರ್ಷವೂ ಕಾಲೇಜು ತಂಡದಲ್ಲಿ ಡಿಫೆಂಡರ್. ರಾಜ್ಯ ತಂಡದವರೆಗೆ ಹೋಗಲು ಆಗಲಿಲ್ಲ. ಆದರೂ ಕಾಲೇಜು ಕೋಚ್ ಆಗುವ ಆಸೆ. "ಆಟ ಆಡ್ಸಿ ಹೊಟ್ಟೆ ತುಂಬ್ತದಾ?" ಅಂತ ಮನೆಯಲ್ಲಿ ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಮನೆಯವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಸರಿಯಾದ ಪ್ರಶ್ನೆ. ನಾನು ಕೆಲಸ ಮಾಡಿದ ಎರಡು ಕಾಲೇಜುಗಳಲ್ಲೂ ಫುಟ್‌ಬಾಲ್ ಕೋಚ್ ಅಂತ ಬೇರೆ ಹುದ್ದೆ ಇರಲಿಲ್ಲ. ಪಂದ್ಯಗಳು ಹತ್ತಿರ ಬಂದಾಗ ಎರಡು ಮೂರು ತಿಂಗಳಿಗೆ ಹೊರಗಿನವರನ್ನು ಕರೆಯುತ್ತಿದ್ದರು. ಆ ದುಡ್ಡಲ್ಲಿ ಮನೆ ನಡೆಯುವುದಿಲ್ಲ. ಕಾಯಂ ಸಂಬಳ ಇದ್ದದ್ದು ಪಿ.ಡಿ.ಗೆ, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರಿಗೆ. ನಾನೂ ಅದೇ ಕೆಲಸದಲ್ಲಿದ್ದು ಫುಟ್‌ಬಾಲ್ ತಂಡ ಕಟ್ಟಿದವನು. ವಾಲಿಬಾಲ್, ಕಬಡ್ಡಿ, ಕ್ರೀಡಾಕೂಟದ ಟ್ರ್ಯಾಕ್‌ಗೆ ಸುಣ್ಣ ಹಾಕಿಸುವುದು ಎಲ್ಲವೂ ನನ್ನ ಪಾಲಿಗೇ ಇತ್ತು.

ಪಿ.ಡಿ. ಆಗಲು ದಾರಿ ಹೀಗಿದೆ. ಡಿಗ್ರಿ ನಂತರ ಎರಡು ವರ್ಷ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ), ಮತ್ತೆ ಎರಡು ವರ್ಷ ಎಂ.ಪಿ.ಎಡ್. (ಅದರದ್ದೇ ಸ್ನಾತಕೋತ್ತರ ಪದವಿ). ಎಂ.ಪಿ.ಎಡ್.ನಲ್ಲಿ ಶೇಕಡಾ 55 ಅಂಕ ಬೇಕು, ಜೊತೆಗೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆಸೆಟ್ (ರಾಜ್ಯದ್ದು) ಪಾಸಾಗಬೇಕು. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, 2018ರ ನಿಯಮದಲ್ಲಿ ಓಟದ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್ ಮುಗಿಸಬೇಕು. ಡಿಫೆಂಡರ್ ಆಗಿ ಓಡಿದವರಿಗೆ ಅದು ಕಷ್ಟವಲ್ಲ. ಕಷ್ಟ ಇರುವುದು ಓದಿನಲ್ಲಿ.

ಫುಟ್‌ಬಾಲ್ ಕೋಚ್‌ಗಳದ್ದೇ ಲೈಸೆನ್ಸ್ ಬೇರೆ ಇದೆ. 18 ತುಂಬಿದವರು ಎ.ಐ.ಎಫ್.ಎಫ್.ನ (ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ) ಡಿ ಲೈಸೆನ್ಸ್ ಕೋರ್ಸಿಗೆ ಸೇರಬಹುದು. ಆಮೇಲೆ ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಸಿ, ಬಿ, ಎ, ಕೊನೆಗೆ ಪ್ರೊ. ಒಂದು ಮುಗಿದ ಕೂಡಲೇ ಇನ್ನೊಂದಕ್ಕೆ ಹೋಗಲು ಬಿಡುವುದಿಲ್ಲ, ನಡುವೆ ತಂಡದ ಜೊತೆ ಕೆಲಸ ಮಾಡಿರಬೇಕು. ನೀವು ಬಿ.ಪಿ.ಎಡ್. ಓದುತ್ತಲೇ ಡಿ ಮುಗಿಸಿ.

ದೊಡ್ಡ ಮಟ್ಟದಲ್ಲಿ ಆಡಿಲ್ಲ ಎಂಬ ಅಳುಕು ಬೇಡ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಮಾಸ್ಟ್ರು. ಭಾರತ ತಂಡಕ್ಕೆ ಒಮ್ಮೆಯೂ ಆಡಿದವರಲ್ಲ. ಅವರು ಕೋಚ್ ಆಗಿದ್ದಾಗಲೇ ನಮಗೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಬಂತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂತು.

ಕೋರ್ಸುಗಳು ಹೇಳಿಕೊಡದ ಕೆಲವು ಸಂಗತಿ ನಾನು ಪೆಟ್ಟು ತಿಂದು ಕಲಿತೆ. ಮೊದಲ ವರ್ಷ ಹುಡುಗರಿಗೆ ಎರಡು ತಿಂಗಳು ನೆಲದ ಮೇಲಿನ ಸಣ್ಣ ಪಾಸ್ ಮಾತ್ರ ಕಲಿಸಿದ್ದೆ. ಪಂದ್ಯ ಬಂದದ್ದು ಜುಲೈಯಲ್ಲಿ. ಕೆಂಪು ಮಣ್ಣಿನ ಮೈದಾನದಲ್ಲಿ ಪಾದ ಮುಳುಗುವಷ್ಟು ನೀರು. ಒದ್ದ ಚೆಂಡು ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತಿತ್ತು. ಎದುರಿನವರು ಚೆಂಡನ್ನು ಎತ್ತಿ ಎತ್ತಿ ಹೊಡೆದು ಮೂರು ಗೋಲು ಹಾಕಿದರು. ಮರುವರ್ಷ ಜೂನ್ ಮೊದಲ ಮಳೆಗೇ ಹುಡುಗರನ್ನು ನೀರಿಗಿಳಿಸಿದೆ.

ಇನ್ನೊಂದು ಈಗಲೂ ನನ್ನನ್ನು ಕಾಡುತ್ತದೆ. ಸೆಮಿಫೈನಲ್ ಅಂತ, ಕಾಲಿನ ಗಂಟು ಊದಿದ್ದ ಹುಡುಗನಿಗೆ ಬ್ಯಾಂಡೇಜ್ ಸುತ್ತಿ ಆಡಿಸಿದೆ. "ಆಗ್ತದೆ ಸರ್" ಅಂದಿದ್ದ. ಆ ವಯಸ್ಸಿನ ಹುಡುಗರು ಆಗುವುದಿಲ್ಲ ಅಂತ ಹೇಳುವುದೇ ಇಲ್ಲ. ಅವನು ಆರು ತಿಂಗಳು ಮೈದಾನಕ್ಕೆ ಬರಲಿಲ್ಲ. ಬೇಡ ಅನ್ನಬೇಕಾದವನು ನಾನೇ ಆಗಿದ್ದೆ. ಪ್ರಥಮ ಚಿಕಿತ್ಸೆಯ ತರಬೇತಿಯನ್ನು ದಯವಿಟ್ಟು ಮೊದಲೇ ಮಾಡಿಕೊಳ್ಳಿ.

ಮೈದಾನದ ಹೊರಗೂ ತುಂಬಾ ಕೆಲಸ ಇದೆ. ಅಟೆಂಡೆನ್ಸ್‌ಗಾಗಿ ಲೆಕ್ಚರರ್‌ಗಳ ಹತ್ತಿರ ಕೇಳಿಕೊಳ್ಳಬೇಕು. ಬೆಳಗ್ಗೆ ನಿಮ್ಮ ಬೆಂಗರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬರುವ ಹುಡುಗ ತಿಂಡಿ ತಿಂದಿದ್ದಾನಾ ಅಂತ ನೋಡಬೇಕು. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅಲ್ವಾ? ಬೆಂಗರೆಯ ಮರಳಲ್ಲಿ ಸಂಜೆ ಆಡುವ ಹತ್ತು ಹನ್ನೆರಡು ಮಕ್ಕಳನ್ನು ಈ ತಿಂಗಳಿಂದಲೇ ಸೇರಿಸಿ. ಯಾರು ಬಂದರು, ಏನು ಆಡಿಸಿದಿರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಮತ್ತೆ, ಅಂತರ ಕಾಲೇಜು ಪಂದ್ಯಗಳಲ್ಲಿ ಆಡಿದ ಸರ್ಟಿಫಿಕೇಟ್ ಬಿ.ಪಿ.ಎಡ್. ಸೀಟಿಗೂ ಬೇಕು, ಮುಂದೆ ಪಿ.ಡಿ. ಹುದ್ದೆಗೂ ಬೇಕು. ಕಾಲೇಜು ಬಿಡುವ ಮೊದಲು ನಿಮ್ಮ ಪಿ.ಡಿ. ಸರ್ ಹತ್ತಿರ ಹೋಗಿ ಮೂರೂ ವರ್ಷದ್ದನ್ನು ಕೇಳಿ ತೆಗೆದುಕೊಳ್ಳಿ. ಹೆಸರಿನ ಅಕ್ಷರ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇದೆಯಾ ಅಂತ ಅಲ್ಲೇ ನೋಡಿ.