ಏನ್ಸ್‌ವರ್ತ್ ಗೆದ್ದದ್ದು ಬರೀ ಅದೃಷ್ಟದಿಂದಲ್ಲ

ಮ್ಯಾನೇಜರ್ ಗ್ಯಾರೆತ್ ಏನ್ಸ್‌ವರ್ತ್ ಇಂಗ್ಲೆಂಡಿನ ಫುಟ್‌ಬಾಲ್ ತಂಡ ವಿಕಂ ವಾಂಡರರ್ಸನ್ನು ಅಲ್ಲಿನ ಎರಡನೇ ಹಂತದ ಲೀಗ್ ಚಾಂಪಿಯನ್‌ಶಿಪ್‌ಗೆ ಏರಿಸಿದ್ದು ಬರೀ ಅದೃಷ್ಟವೇ ಎಂದು ಕೇಳಿದ್ದೀರಿ. 2020ರ ಮಟ್ಟಿಗೆ ನಿಮ್ಮ ಅನುಮಾನದಲ್ಲಿ ಹುರುಳಿದೆ. ಕೋವಿಡ್‌ನಿಂದ ಮೂರನೇ ಹಂತದ ಲೀಗ್ ಒನ್ ಅರ್ಧಕ್ಕೆ ನಿಂತಾಗ ತಂಡ 8ನೇ ಸ್ಥಾನದಲ್ಲಿತ್ತು. 34 ಪಂದ್ಯಕ್ಕೆ 59 ಅಂಕ, ಅಂದರೆ ಪಂದ್ಯಕ್ಕೆ ಸರಾಸರಿ 1.74, ಸ್ಥಾನ ನಿರ್ಧರಿಸಲು ಆ ಲೆಕ್ಕ ಹಿಡಿದಿದ್ದಕ್ಕೇ 3ಕ್ಕೆ ಜಿಗಿದು ಪ್ಲೇಆಫ್‌ಗೆ, ಅಂದರೆ ಬಡ್ತಿಯ ಕೊನೆಯ ಸ್ಥಾನಕ್ಕಾಗಿನ ನಾಕೌಟ್‌ಗೆ, ಬಂತು. 35 ಪಂದ್ಯಕ್ಕೆ 60 ಅಂಕ ಗಳಿಸಿದ್ದ ಆಕ್ಸ್‌ಫರ್ಡ್ ಕೆಳಗೆ ಉಳಿಯಿತು. ಆದರೆ ಪ್ಲೇಆಫ್ ಫೈನಲ್‌ನಲ್ಲಿ ಅದೇ ಆಕ್ಸ್‌ಫರ್ಡನ್ನು 2-1ರಿಂದ ಸೋಲಿಸಿದ್ದು ಮೈದಾನದಲ್ಲೇ!

ಒಂದು ಸೀಸನ್ ನೋಡಿ ಅಳೆಯಬೇಡಿ. 2014ರಲ್ಲಿ ಸೀಸನ್‌ನ ಕೊನೆಯ ದಿನ ಟಾರ್ಕಿಯಲ್ಲಿ 3-0 ಗೆದ್ದು, ಗೋಲು ವ್ಯತ್ಯಾಸದಲ್ಲಷ್ಟೇ ನಾಲ್ಕನೇ ಹಂತದ ಲೀಗ್ ಟೂನಲ್ಲಿ ಉಳಿದುಕೊಂಡ ತಂಡವದು. ಮರುವರ್ಷವೇ ಪ್ಲೇಆಫ್ ಫೈನಲ್, ಪೆನಾಲ್ಟಿಯಲ್ಲಿ ಸೋಲು. 2018ರಲ್ಲಿ ಲೀಗ್ ಒನ್‌ಗೆ ಬಡ್ತಿ.

ಆಟದ ದಾರಿ ಸರಳ: ದೈತ್ಯ ಸ್ಟ್ರೈಕರ್ ಅಕಿನ್‌ಫೆನ್ವಾಗೆ ಉದ್ದನೆಯ ಚೆಂಡು, ಅವರಿಂದ ಸಿಡಿದು ಬೀಳುವಲ್ಲಿ ಮಿಡ್‌ಫೀಲ್ಡರ್‌ಗಳು ಕಾದಿರಬೇಕು. ಕಾಸಿಲ್ಲದ ಕ್ಲಬ್‌ಗೆ ಇದು ಜಾಣ ಆಯ್ಕೆ, ನೋಡಲು ಚೆಂದವಿಲ್ಲದಿದ್ದರೂ. ಆದರೆ ಮೇಲಿನ ಹಂತದಲ್ಲಿ ಡಿಫೆಂಡರ್‌ಗಳು ಆ ಮೊದಲ ಚೆಂಡನ್ನೇ ಕಸಿಯುತ್ತಾರೆ. ಚಾಂಪಿಯನ್‌ಶಿಪ್‌ನಲ್ಲಿ 43 ಅಂಕ, ಉಳಿದುಕೊಂಡ ತಂಡಕ್ಕಿಂತ ಒಂದೇ ಅಂಕ ಹಿಂದೆ ಬಿದ್ದು ಮತ್ತೆ ಕೆಳಗೆ.

ಯಾವ ಮ್ಯಾನೇಜರನ್ನು ಅಳೆಯುವಾಗಲೂ ಅಂಕಪಟ್ಟಿಯ ಪಕ್ಕದಲ್ಲಿ ಆಟಗಾರರ ಸಂಬಳದ ಮೊತ್ತ ಇಟ್ಟು ನೋಡಿ. ಸಂಬಳದಲ್ಲಿ 20ನೆಯದಾದ ತಂಡ 12ನೇ ಸ್ಥಾನಕ್ಕೆ ಬಂದರೆ ಅದು ಒಳ್ಳೆಯ ಕೆಲಸವೇ.