ಓದುಗರ ಪ್ರಶ್ನೆ: ಕುಂಪಣಿ ಸಾಹೇಬನ ಸೊಂಟಕ್ಕೆ ಚಕಮಕಿ ಪಿಸ್ತೂಲು ಎಲ್ಲಿಂದ ತರುವುದು?

ಪ್ರಶ್ನೆ: ನಮಸ್ತೆ ಸರ್, ನಮ್ಮದು ಸುರತ್ಕಲ್ ಕಡೆಯ ಒಂದು ಹವ್ಯಾಸಿ ನಾಟಕ ತಂಡ. ಏಪ್ರಿಲ್ 5ಕ್ಕೆ ಕುಂಪಣಿಯ (ಈಸ್ಟ್ ಇಂಡಿಯಾ ಕಂಪನಿ) ವಿರುದ್ಧ ಎದ್ದ 1837ರ ಅಮರ ಸುಳ್ಯ ದಂಗೆಯನ್ನು ಬಯಲಲ್ಲಿ ಹಾಗೇ ಮರುಸೃಷ್ಟಿ ಮಾಡುವ ಅಂತ ಉಂಟು, ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸುವ ಸೀನ್ ಸಮೇತ. ಎರಡೂ ಕಡೆಯವರಿಗೆ ಸೇರಿ ಹತ್ತು ಫ್ಲಿಂಟ್‌ಲಾಕ್ ಪಿಸ್ತೂಲ್ ಬೇಕು. ಒರಿಜಿನಲ್ ಹಳೇದು ಒಳ್ಳೇದಾ, ಡೂಪ್ಲಿಕೇಟ್ ಸಾಕಾ? ಎಲ್ಲಿ ಸಿಗ್ತದೆ?

ಉತ್ತರ: ಹತ್ತು ಎಂತದಕ್ಕೆ ಮಾರಾಯ್ರೆ? ಎರಡು ಸಾಕು. ಸುಳ್ಯ, ಬೆಳ್ಳಾರೆ ಕಡೆಯಿಂದ ಇಳಿದು ಬಂದು ಮಂಗಳೂರನ್ನು 13 ದಿನ ಹಿಡಿದಿಟ್ಟುಕೊಂಡವರು ಹೆಚ್ಚಿನವರು ರೈತರು, ಅವರ ಕೈಗೆ ಕತ್ತಿ, ದೊಣ್ಣೆ, ನಾಲ್ಕಾರು ಉದ್ದ ನಾಡಕೋವಿ ಕೊಡಿ, ಅದೇ ಚಂದ. ಪಿಸ್ತೂಲು ಅಂದ್ರೆ ಕುದುರೆ ಮೇಲೆ ಕೂತ ಕುಂಪಣಿ ಆಫೀಸರನ ಸಾಮಾನು. ಎಲ್ಲರ ಸೊಂಟದಲ್ಲೂ ಪಿಸ್ತೂಲು ಸಿಕ್ಕಿಸಿದ್ರೆ ಅದು ಸಿನಿಮಾದ ಕಡಲ್ಗಳ್ಳರ ಗುಂಪು ಆಗ್ತದೆ, ಕಲ್ಯಾಣಪ್ಪನ ಕಾಟಕಾಯಿ (ಈ ದಂಗೆಗೆ ಊರವರು ಹೇಳುವ ಹೆಸರು) ಆಗುವುದಿಲ್ಲ.

ಫ್ಲಿಂಟ್‌ಲಾಕ್ ಅಂತ ಆರಿಸಿದ್ದು ಮಾತ್ರ ಸರಿ ಉಂಟು. ಕುಂಪಣಿ ಸೈನ್ಯಕ್ಕೆ ಕೇಪಿನ ಕೋವಿ (ಸುತ್ತಿಗೆ ಬಡಿದಾಗ ಸಿಡಿಯುವ ಸಣ್ಣ ಕೇಪಿನಿಂದ ಹಾರುವಂತದ್ದು) ಬಂದದ್ದು 1840ರ ದಶಕದಲ್ಲಿ, 1837ಕ್ಕೆ ಇನ್ನೂ ಚಕಮಕಿ ಕಲ್ಲೇ. ಹಾಗಾಗಿ ಆನ್‌ಲೈನಲ್ಲಿ ಫೋಟೋ ನೋಡುವಾಗ ಕುದುರೆಯ, ಅಂದ್ರೆ ಕೋವಿಯ ಮೇಲೆ ಹಿಂದಕ್ಕೆ ಎಳೆದು ನಿಲ್ಲಿಸುವ ಸುತ್ತಿಗೆ ಭಾಗದ, ಬಾಯಿಯನ್ನು ನೋಡಿ. ಅಲ್ಲಿ ಚರ್ಮದ ತುಂಡಲ್ಲಿ ಸುತ್ತಿದ ಕಲ್ಲು ಇರ್ಬೇಕು, ಅದರ ಎದುರಿಗೆ ಎದ್ದು ನಿಂತ ಉಕ್ಕಿನ ತಗಡು, ತಗಡಿನ ಬುಡದಲ್ಲಿ ಮದ್ದು ಹಾಕುವ ಸಣ್ಣ ಬಟ್ಟಲು. ಬಿಲ್ಲು (ಟ್ರಿಗರ್) ಎಳೆದ್ರೆ ಕಲ್ಲು ತಗಡಿಗೆ ಉಜ್ಜಿ ಕಿಡಿ ಹಾರಿಸ್ತದೆ, ತಗಡು ಮುಂದಕ್ಕೆ ಮಗುಚಿ ಬಟ್ಟಲು ತೆರೆದುಕೊಳ್ತದೆ, ಬಟ್ಟಲಿನ ಮದ್ದು ಹೊತ್ತಿ ಆ ಬೆಂಕಿ ಒಂದು ಸಣ್ಣ ತೂತಿನಿಂದ ನಳಿಗೆಯ ಒಳಗೆ ಹೋಗ್ತದೆ. ಕಲ್ಲಿಲ್ಲದೆ ಬರೀ ಸುತ್ತಿಗೆ ತಲೆಯ ಹಾಗೆ ಇದ್ರೆ ಅದು ಕೇಪಿನದ್ದು, ನಿಮಗೆ ಬೇಡ.

ಈಗ ಹಳೇದಾ ಡೂಪ್ಲಿಕೇಟಾ ಅಂತ. ಹಳೇದು ಬೇಡವೇ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಹಳೇ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಕ್ಕೆ ಒಂದು ವಿನಾಯಿತಿ ಉಂಟು, ಎಲ್ಲರೂ ಅದನ್ನೇ ಹಿಡಿದುಕೊಂಡು "ಆ್ಯಂಟಿಕ್‌ಗೆ ಲೈಸೆನ್ಸ್ ಬೇಡ" ಅಂತ ಹೇಳಿಬಿಡ್ತಾರೆ, ಆದ್ರೆ ವಾಕ್ಯದ ಉಳಿದ ಅರ್ಧ ಯಾರೂ ಓದುವುದಿಲ್ಲ, ಅದರಲ್ಲಿ ರಿಪೇರಿ ಮಾಡಿದ್ರೂ ಮಾಡದಿದ್ರೂ ಹಾರಿಸ್ಲಿಕ್ಕೆ ಆಗದಂತದ್ದು ಆಗಿರ್ಬೇಕು ಅಂತ ಸ್ಪಷ್ಟ ಉಂಟು. ಇನ್ನೂರು ವರ್ಷದ ಪಿಸ್ತೂಲಿಗೆ ಕಲ್ಲು ಬದಲಿಸಿ ಸ್ಪ್ರಿಂಗ್ ಹಾಕಿದ್ರೆ ಹೊಡೀತದೆ ಅಂತಾದ್ರೆ ಅದು ಫೈರ್‌ಆರ್ಮೇ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡದ್ದು ಸಾಬೀತಾದ್ರೆ 2019ರ ತಿದ್ದುಪಡಿ ನಂತರ ಎರಡು ವರ್ಷದಿಂದ ಐದು ವರ್ಷದವರೆಗೆ ಜೈಲು. ಒಂದು ನಾಟಕಕ್ಕೋಸ್ಕರ ಯಾರಿಗೆ ಬೇಕು ಅದೆಲ್ಲ.

ಒಂದು ತಮಾಷೆ ಕೇಳಿ. ಅಮೆರಿಕ, ಇಂಗ್ಲೆಂಡಿನಲ್ಲಿ ಹಳೇ ಯುದ್ಧಗಳ ವೇಷ ಹಾಕಿ ಆಡುವವರು ಹಿಡಿದುಕೊಳ್ಳುವ ಫ್ಲಿಂಟ್‌ಲಾಕ್‌ಗಳಲ್ಲಿ ಬೇಕಾದಷ್ಟು ನಮ್ಮ ದೇಶದಲ್ಲೇ ತಯಾರಾಗಿ ಹೋಗುವುದು, ಆ ಬೆಂಕಿ ದಾಟುವ ತೂತನ್ನು ಕೊರೆಯದೆ ಬಿಟ್ಟು ಕಳಿಸ್ತಾರೆ. ನಿಮಗೆ ಬೇಕಾದ್ದು ಕೂಡ ಅಂತದ್ದೇ, ಇನ್ನೂ ಒಂದು ಹೆಜ್ಜೆ ಮುಂದೆ: ತೂತಿಲ್ಲ, ನಳಿಗೆಯೂ ಘನ, ಬಾಯಿ ಹತ್ತಿರ ಒಂದಿಂಚು ಮಾತ್ರ ಹೊಂಡ. ನಿಜವಾದ ಪೈಪ್ ಹಾಕಿದ್ರೆ "ಇಲ್ಲೊಂದು ತೂತು ಹೊಡೆಯುವನಾ" ಅಂತ ತಂಡದಲ್ಲಿ ಒಬ್ಬನಿಗಾದ್ರೂ ಅನ್ನಿಸಿಯೇ ಅನ್ನಿಸ್ತದೆ. ಸ್ಪೇನಿನ ಡೆನಿಕ್ಸ್ ಕಂಪನಿಯದ್ದು ಹಾರದ ಶೋಪೀಸು, ಆದ್ರೆ ತರಿಸಿದ್ರೆ ಕಸ್ಟಮ್ಸ್‌ನಲ್ಲಿ ವಿವರಣೆ ಕೊಟ್ಟು ಕೂರುವ ತಾಪತ್ರಯ. ಇಟಲಿಯ ಪೆಡರ್ಸೋಲಿಯದ್ದು ನಿಜವಾಗಿ ಹೊಡೆಯುವ ಕೋವಿ, ಆ ಕಡೆ ತಲೆ ಹಾಕ್ಬೇಡಿ.

ನನ್ನನ್ನು ಕೇಳಿದ್ರೆ ಊರಲ್ಲೇ ಮಾಡಿಸಿ. ಆ ಕಾಲದ ಬ್ರಿಟಿಷ್ ಕುದುರೆ ಸವಾರರ ಪಿಸ್ತೂಲಿಗೆ ನಳಿಗೆ 9 ಇಂಚು, ಒಟ್ಟು ಉದ್ದ 15 ಇಂಚಿನ ಹತ್ತಿರ, ನಾವು ಮನಸ್ಸಲ್ಲಿ ಅಂದುಕೊಳ್ಳುವುದಕ್ಕಿಂತ ಸುಮಾರು ದೊಡ್ಡದೇ. ಹಿಡಿಯ ಮರದ ಕೆಲಸ ಯಾವುದೇ ಒಳ್ಳೆ ಆಚಾರಿಯವರು ಸಾಗುವಾನಿಯಲ್ಲಿ ಮಾಡಿ ಕೊಡ್ತಾರೆ, ದಸರಾ ಟ್ಯಾಬ್ಲೋ ಮಾಡುವವರ ಹತ್ತಿರ ನಳಿಗೆ, ಕುದುರೆ ಎಲ್ಲ ಫೈಬರ್‌ನಲ್ಲಿ ಎರಕ ಹೊಯ್ಸಬಹುದು, ಹಿಡಿಯ ಬುಡದ ಹಿತ್ತಾಳೆ ಟೊಪ್ಪಿ ಮಾತ್ರ ನಿಜವಾದ ಹಿತ್ತಾಳೆಯೇ ಇರ್ಲಿ, ಬಿಸಿಲಿಗೆ ಹೊಳೆಯುವುದು ಅದೇ. ಆಚಾರಿಯವರಿಗೆ ಬರೀ ಮೊಬೈಲ್ ಫೋಟೋ ತೋರಿಸಿ ಬರ್ಬೇಡಿ, ಅಳತೆ ಹಾಕಿದ ಡ್ರಾಯಿಂಗ್ ಕೊಡಿ, ಎರಡೂ ಬದಿಯದ್ದು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ, ಲೀಡ್ಸ್‌ನ ರಾಯಲ್ ಆರ್ಮರೀಸ್ ಇವರ ವೆಬ್‌ಸೈಟಲ್ಲಿ ಅಳತೆ ಸಮೇತ ಚಿತ್ರ ಸಿಗ್ತದೆ.

ಶಬ್ದಕ್ಕೆ ಬೀಡಿ ಪಟಾಕಿ ತುಂಬಿಸುವ ಐಡಿಯಾ ಯಾರಾದ್ರೂ ಕೊಟ್ರೆ ಅವರನ್ನು ಆ ದಿನ ಗೇಟಲ್ಲಿ ನಿಲ್ಲಿಸಿ. ಚಕಮಕಿ ಕೋವಿಯದ್ದು ಜೋಡಿ ಶಬ್ದ, ಮೊದ್ಲು "ಛಕ್" ಅಂತ ಕಲ್ಲಿನದ್ದು, ಕಣ್ಣು ಮಿಟುಕಿಸುವಷ್ಟು ಬಿಟ್ಟು "ಢಂ". ರೆಕಾರ್ಡ್ ಮಾಡಿ ಸ್ಪೀಕರಲ್ಲಿ ಬಿಡಿ, ಆ ಸಣ್ಣ ಗ್ಯಾಪ್ ಸರಿ ಬಂದ್ರೆ ಜನ ತನ್ನಿಂತಾನೇ ಬೆಚ್ಚಿ ಬೀಳ್ತಾರೆ. ಫಿರಂಗಿ ಶಬ್ದ ಬೇಕಾದ್ರೆ ಜಾತ್ರೆಗೆ ಕದಿನ (ದೊಡ್ಡ ಶಬ್ದದ ಸಿಡಿಮದ್ದು) ಬಿಡುವ ಲೈಸೆನ್ಸ್ ಇದ್ದವರಿಗೇ ಹೇಳಿ, ಜನರಿಂದ ದೂರದಲ್ಲಿ. ಮತ್ತೆ, ಡೂಪ್ಲಿಕೇಟ್ ಆದ್ರೂ ಸ್ಟೇಷನ್ನಿಗೆ ಫೋಟೋ ಸಮೇತ ಒಂದು ಲೆಟರ್ ಕೊಟ್ಟು ಸೀಲ್ ಹಾಕಿಸಿದ ಕಾಪಿ ಇಟ್ಟುಕೊಳ್ಳಿ, ಬೈಕಲ್ಲಿ ಸೊಂಟಕ್ಕೆ ಸಿಕ್ಕಿಸಿ ಹೋಗುವುದು ಬೇಡ, ಚೀಲದಲ್ಲಿ ಹೋಗ್ಲಿ.

ಪ್ರಶ್ನೆ: ಕಾರ್ಕಳದ ನಮ್ಮ ತರವಾಡು ಮನೆಯ ಅಟ್ಟದಲ್ಲಿ ಒಂದು ತುಕ್ಕು ಹಿಡಿದ ಹಳೇ ಪಿಸ್ತೂಲು ಸಿಕ್ಕಿದೆ. ಸಿಂಹದ ಗುರುತು ಉಂಟು. ಅಜ್ಜನ ಕಾಲದ್ದು ಅಂತಾರೆ. ನಾಟಕದವರು ಬಾಡಿಗೆಗೆ ಕೇಳ್ತಾರೆ, ಒಬ್ಬರು ಕ್ರಯಕ್ಕೂ ಕೇಳಿದ್ರು.

ಉತ್ತರ: ಬಾಡಿಗೆ, ಕ್ರಯ ಎರಡೂ ಈಗ ಬೇಡ. ಮೊದ್ಲು ಅದರ ಬಿಲ್ಲು ಎಳೆದು ನೋಡುವ ಮಕ್ಕಳನ್ನು ದೂರ ಇಡಿ, ಹಳೇ ಕೋವಿಗಳ ಒಳಗೆ ಮದ್ದು ಗುಂಡು ತುಂಬಿಸಿಯೇ ಇಟ್ಟು ಹೋದವರಿದ್ದಾರೆ, ಕರಿಮದ್ದು ಒಣಗಿದ ಜಾಗದಲ್ಲಿ ಕೂತಿದ್ರೆ ವರ್ಷ ಎಷ್ಟಾದ್ರೂ ಸಾಯುವುದಿಲ್ಲ. ಬೆಂಕಿ, ಡ್ರಿಲ್ಲು, ವೆಲ್ಡಿಂಗ್ ಹತ್ತಿರ ತರ್ಬೇಡಿ. ಸ್ಟೇಷನ್ನಿಗೆ ಫೋನ್ ಮಾಡಿ ಹೀಗೆ ಸಿಕ್ಕಿದೆ ಅಂತ ಹೇಳಿ, ಅವರು ಹೇಳಿದ ಹಾಗೆ ಒಪ್ಪಿಸಿ, ರಸೀದಿ ಕೇಳಿ ತೆಗೆದುಕೊಳ್ಳಿ. ಎಲೆಕ್ಷನ್ ಬಂದಾಗ ಬೆಳೆ ರಕ್ಷಣೆಯ ಕೋವಿ ಡೆಪಾಸಿಟ್ ಮಾಡಿ ಅಭ್ಯಾಸ ಇದ್ದವರಿಗೆ ಇದೇನು ದೊಡ್ಡದಲ್ಲ. ಇಟ್ಟುಕೊಳ್ಳುವ ಆಸೆ ಇದ್ರೆ ಆಮೇಲೆ ಮಣಿಪಾಲದ ಡಿಸಿ ಆಫೀಸಲ್ಲಿ ವಿಚಾರಿಸಿ. ಕೊಡುವ ಮನಸ್ಸು ಬಂದ್ರೂ, ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ವಿದೇಶಕ್ಕೆ ಕಳಿಸ್ಲಿಕ್ಕೆ ಇಲ್ಲ.

ಸಿಂಹದ ಗುರುತು ನೋಡಿ ಈಗಲೇ ಕುಣಿಯುವುದೂ ಬೇಡ. ಕಿರೀಟ ಹಿಡಿದ ಸಿಂಹ ಕುಂಪಣಿಯ ಕೋವಿಗೆ ಬಂದದ್ದು 1808ರ ಸುಮಾರಿಗೆ, ಅದಕ್ಕೆ ಮೊದ್ಲು ಹೃದಯದ ಆಕಾರದ ಗುರುತು. ಸಿಂಹವೂ ಇದ್ದು ಪಕ್ಕದಲ್ಲಿ 1780 ಅಂತ ಇಸವಿಯೂ ಕೊರೆದಿದ್ರೆ ಅದು ಟೂರಿಸ್ಟ್‌ಗಳಿಗೆ ಮಾಡಿದ ಮಾಲು. ಸ್ಕ್ರೂ ತಲೆಯಲ್ಲಿ ಪ್ಲಸ್ ಗೆರೆ ಕಂಡ್ರಂತೂ ಮುಗೀತು, ಆ ನಮೂನೆ ಸ್ಕ್ರೂ ಹುಟ್ಟಿದ್ದೇ 1930ರ ದಶಕದಲ್ಲಿ.

ಪ್ರಶ್ನೆ: ಉಳ್ಳಾಲದ ನಮ್ಮ ಶಾಲೆಯಲ್ಲಿ ರಾಣಿ ಅಬ್ಬಕ್ಕ ರೂಪಕ ಉಂಟು. ಪೋರ್ಚುಗೀಸ್ ಸೈನಿಕರಿಗೆ ಫ್ಲಿಂಟ್‌ಲಾಕ್ ಪಿಸ್ತೂಲು ಕೊಡಬಹುದಾ?

ಉತ್ತರ: ಬೇಡ ಟೀಚರ್. ಅಬ್ಬಕ್ಕ 16ನೇ ಶತಮಾನದವಳು, ಫ್ಲಿಂಟ್‌ಲಾಕ್ ಫ್ರಾನ್ಸಿನಲ್ಲಿ ತಯಾರಾದದ್ದು 17ನೇ ಶತಮಾನದ ಶುರುವಿಗೆ. ಪೋರ್ಚುಗೀಸರ ಕೈಯಲ್ಲಿ ಇರ್ಬೇಕಾದ್ದು ಬತ್ತಿಯ ಕೋವಿ, ಉದ್ದದ್ದು, ಹೊಗೆಯಾಡುವ ಹಗ್ಗದ ತುದಿಯನ್ನು ಮದ್ದಿಗೆ ಮುಟ್ಟಿಸಿ ಹಾರಿಸುವಂತದ್ದು. ಮಕ್ಕಳಿಗೆ ಪ್ಲೈವುಡ್ಡಲ್ಲಿ ಕತ್ತರಿಸಿ ಕಪ್ಪು ಬಣ್ಣ ಹೊಡೆದು ಕೊಡಿ, ಒಂದು ಮೊಳ ಸೆಣಬಿನ ಹಗ್ಗ ಕಟ್ಟಿ ಅದರ ತುದಿಗೆ ಸಣ್ಣ ಕೆಂಪು ಎಲ್‌ಇಡಿ ಸಿಕ್ಕಿಸಿದ್ರೆ ಆಯ್ತು. ಬ್ಯಾಟರಿ ಅಂಗಿಯ ತೋಳಿನ ಒಳಗೆ ಹೋಗ್ಲಿ.